ಕಣಕಾಲಿನ ಪಿಸ್ತೂಲು: ಮರೆ ಎಷ್ಟೋ ದೂರವೂ ಅಷ್ಟೇ

ಪಿಸ್ತೂಲನ್ನು ಮೈಮೇಲೆ ಮರೆಯಾಗಿ ಇಟ್ಟುಕೊಂಡು ಓಡಾಡಬೇಕೇ ಬೇಡವೇ ಎಂಬುದು ಒಂದು ಪ್ರಶ್ನೆ. ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದ ಮೇಲೆ ಮೈಯ ಯಾವ ಭಾಗದಲ್ಲಿ ಇಟ್ಟುಕೊಳ್ಳಬೇಕು ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ಅಮೆರಿಕದಲ್ಲಿ ನಡೆಯುವ ವಾದಕ್ಕೆ ಕೊನೆಯೇ ಇಲ್ಲ. ಎರಡನೆಯದನ್ನು ಮಾತ್ರ ಹೆಚ್ಚಿನವರು ಅಂಗಡಿಯವನ ಮಾತನ್ನೋ ಗೆಳೆಯನ ಅಭ್ಯಾಸವನ್ನೋ ನಂಬಿ ಬೇಗ ಮುಗಿಸಿಬಿಡುತ್ತಾರೆ. ಪರವಾನಗಿ ಪಡೆದು ಕೆಲವು ಕಾಲದಿಂದ ಪಿಸ್ತೂಲು ಇಟ್ಟುಕೊಂಡಿರುವ ನಾನು ಸೊಂಟ, ಜೇಬು, ಕಣಕಾಲು ಈ ಮೂರನ್ನೂ ಬಳಸಿ ನೋಡಿದ್ದೇನೆ. ಈ ಮೂರರಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಒಳಗಾಗಿರುವುದು ಕಣಕಾಲು ಎಂದು ನನಗೆ ಅನ್ನಿಸುತ್ತದೆ. ಒಂದು ಗುಂಪು ಅದನ್ನು ಸಿನಿಮಾದ ಪತ್ತೇದಾರರ ಶೋಕಿ ಎಂದು ತಳ್ಳಿಹಾಕುತ್ತದೆ, ಇನ್ನೊಂದು ಗುಂಪು ಯಾರಿಗೂ ಕಾಣದ ಸುಲಭದ ದಾರಿ ಎಂದು ಅಪ್ಪಿಕೊಳ್ಳುತ್ತದೆ. ಎರಡೂ ಅರ್ಧ ನಿಜ.

ಈ ಪ್ರಶ್ನೆ ಅಮೆರಿಕದಲ್ಲಿ ಎಷ್ಟು ಸಾಮಾನ್ಯವಾಗಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ವರ್ಮಾಂಟ್ ರಾಜ್ಯ ಮರೆಯಾಗಿ ಪಿಸ್ತೂಲು ಒಯ್ಯಲು ಯಾವ ಕಾಲದಲ್ಲೂ ಪರವಾನಗಿ ಕೇಳಿದ್ದಿಲ್ಲ. ಅದಕ್ಕೆ ತದ್ವಿರುದ್ಧವಾಗಿ, ಸಾಮಾನ್ಯ ನಾಗರಿಕರಿಗೆ ಇದನ್ನು ಪೂರ್ತಿಯಾಗಿ ನಿರಾಕರಿಸುತ್ತಿದ್ದ ಕೊನೆಯ ರಾಜ್ಯವಾದ ಇಲಿನಾಯ್ 2013ರಲ್ಲಿ, ಅದೂ ನ್ಯಾಯಾಲಯದ ತೀರ್ಪಿಗೆ ಮಣಿದು, ಕಾನೂನು ಮಾಡಿತು. 2022ರ ಜೂನ್‌ನಲ್ಲಿ ಬ್ರೂಯೆನ್ ಪ್ರಕರಣದ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಪರವಾನಗಿ ಬೇಕಾದವನು ತನಗಿರುವ ವಿಶೇಷ ಅಗತ್ಯವನ್ನು ಸಾಬೀತುಮಾಡಬೇಕೆಂಬ ನ್ಯೂಯಾರ್ಕ್ ರಾಜ್ಯದ ನಿಯಮವನ್ನು ರದ್ದುಮಾಡಿತು. 2024ರ ಹೊತ್ತಿಗೆ ಪರವಾನಗಿಯೇ ಇಲ್ಲದೆ ಪಿಸ್ತೂಲನ್ನು ಮರೆಯಾಗಿ ಒಯ್ಯಲು ಬಿಡುವ ರಾಜ್ಯಗಳ ಸಂಖ್ಯೆ 29ಕ್ಕೆ ಮುಟ್ಟಿತ್ತು. ಎಂದಮೇಲೆ ಕಚೇರಿಗೆ ಹೋಗುವವರು, ದಿನವಿಡೀ ವಾಹನ ಓಡಿಸುವವರು, ನಿವೃತ್ತರು, ಎಲ್ಲರಿಗೂ ಇದು ಬೆಳಿಗ್ಗೆ ಬಟ್ಟೆ ಹಾಕಿಕೊಳ್ಳುವಾಗಿನ ಪ್ರಶ್ನೆಯಾಗಿದೆ. ಪಿಸ್ತೂಲು ಇಟ್ಟುಕೊಳ್ಳುವುದು ಸರಿಯೇ ಎಂಬ ದೊಡ್ಡ ಪ್ರಶ್ನೆಯನ್ನು ನಾನಿಲ್ಲಿ ಎತ್ತುವುದಿಲ್ಲ. ಆ ದೇಶದಲ್ಲಿ ಗುಂಡೇಟಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು ಎಂಬುದನ್ನು ಮನೆಗೆ ಪಿಸ್ತೂಲು ತರುವ ಮೊದಲು ಪ್ರತಿಯೊಬ್ಬರೂ ತಿಳಿದಿರಬೇಕು ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ಕಣಕಾಲಿನ ಹೋಲ್‌ಸ್ಟರ್, ಅಂದರೆ ಪಿಸ್ತೂಲು ಇಡುವ ಒರೆ, ನೋಡಲು ಸರಳವಾದ ವಸ್ತು. ಹರಡಿನ ಮೂಳೆಗಿಂತ ಸ್ವಲ್ಪ ಮೇಲೆ ಸುತ್ತಿಕೊಳ್ಳುವ ಅಗಲವಾದ ಪಟ್ಟಿ, ಅದನ್ನು ಬಿಗಿಯಲು ವೆಲ್ಕ್ರೋ, ಕಾಲಿಗೆ ತಾಗುವ ಕಡೆ ನಿಯೋಪ್ರೀನ್ ಎಂಬ ಮೆತ್ತನೆಯ ರಬ್ಬರಿನ ಅಥವಾ ಕುರಿಯ ಉಣ್ಣೆಯ ಮೆತ್ತೆ, ಹೊರಗೆ ಚರ್ಮದ ಚೀಲ, ಪಿಸ್ತೂಲು ಜಾರದಂತೆ ಹೆಬ್ಬೆರಳಿನಿಂದ ಬಿಚ್ಚುವ ಗುಂಡಿಪಟ್ಟಿ. ಪಟ್ಟಿ ಕೆಳಗೆ ಇಳಿಯುವುದನ್ನು ತಡೆಯಲು ಮೀನಖಂಡದ ಮೇಲ್ಭಾಗಕ್ಕೆ ಕಟ್ಟುವ ಇನ್ನೊಂದು ಪಟ್ಟಿಯನ್ನು ಕೆಲವರು ಸೇರಿಸಿಕೊಳ್ಳುತ್ತಾರೆ. ಬಲಗೈಯವರು ಇದನ್ನು ಎಡಗಾಲಿನ ಒಳಮೈಗೆ, ಪಿಸ್ತೂಲಿನ ಹಿಡಿ ಹಿಂದಕ್ಕೆ ಬರುವಂತೆ ಕಟ್ಟಿಕೊಳ್ಳುತ್ತಾರೆ, ಎಡಗೈಯವರು ಬಲಗಾಲಿಗೆ. ಹೊರಮೈಗೆ ಕಟ್ಟಿದರೆ ಮೇಜಿನ ಕಾಲಿಗೂ ಕಾರಿನ ಬಾಗಿಲಿಗೂ ಬಡಿಯುತ್ತದೆ, ಪ್ಯಾಂಟಿನ ಮೇಲೆ ಉಬ್ಬೂ ಕಾಣುತ್ತದೆ. ಅದೇ ಕಡೆಯ ಕಾಲಿಗೆ ಕಟ್ಟಿದರೆ ಕೈ ಸೇರುವ ಕೋನವೇ ಸರಿಬರುವುದಿಲ್ಲ.

ಇದರ ನಿಜವಾದ ಬಲ ಕುಳಿತಾಗ ಗೊತ್ತಾಗುತ್ತದೆ. ಸೊಂಟದ ಬಲಬದಿಯಲ್ಲಿ, ಅಂಗಿಯ ಕೆಳಗೆ ಇಟ್ಟುಕೊಂಡ ಪಿಸ್ತೂಲು ನಿಂತಾಗ ಕೈಗೆ ಸಲೀಸಾಗಿ ಸಿಗುತ್ತದೆ. ಅದೇ ವ್ಯಕ್ತಿ ಕಾರಿನ ಚಾಲಕನ ಆಸನದಲ್ಲಿ ಕುಳಿತು ಸೀಟ್ ಬೆಲ್ಟ್ ಹಾಕಿಕೊಂಡ ಕೂಡಲೇ ಚಿತ್ರ ಬದಲಾಗುತ್ತದೆ. ಚಾಲಕ ಎಡಗಡೆ ಕೂರುವ ಅಲ್ಲಿನ ಕಾರುಗಳಲ್ಲಿ ಬೆಲ್ಟಿನ ಬಕಲ್ ಬಲಸೊಂಟದ ಪಕ್ಕದಲ್ಲಿಯೇ ಇರುತ್ತದೆ, ಅಂಗಿಯ ಅಂಚು ಬೆಲ್ಟಿನ ಕೆಳಗೆ ಸಿಕ್ಕಿಕೊಂಡಿರುತ್ತದೆ, ಮೊಣಕೈಯನ್ನು ಹಿಂದಕ್ಕೆ ಎಳೆಯಲು ಆಸನದ ಬೆನ್ನು ಬಿಡುವುದಿಲ್ಲ. ಪಿಸ್ತೂಲು ಬೆನ್ನಿನ ಕಡೆಗೆ ಇದ್ದರಂತೂ ಅದರ ಮೇಲೆಯೇ ಕುಳಿತಂತೆ. ಆದರೆ ಎಡಗಾಲು ಆ ಹೊತ್ತಿಗೆ ಬಿಡುವಾಗಿರುತ್ತದೆ. ಆಟೋಮ್ಯಾಟಿಕ್ ಗೇರಿನ ವಾಹನದಲ್ಲಿ ಅದಕ್ಕೆ ಕೆಲಸವೇ ಇಲ್ಲ. ಕಾಲನ್ನು ತನ್ನ ಕಡೆಗೆ ಎಳೆದುಕೊಂಡು, ಎಡಗೈಯಿಂದ ಪ್ಯಾಂಟಿನ ಅಂಚನ್ನು ಮೇಲೆತ್ತಿದರೆ ಬಲಗೈಗೆ ಹಿಡಿ ಸಿಗುತ್ತದೆ. ಮೇಜಿನ ಹಿಂದೆ ಕುಳಿತು ಕೆಲಸ ಮಾಡುವವರಿಗೂ ಇದೇ ಅನುಕೂಲ, ಜೊತೆಗೆ ಮೇಜು ಆ ಚಲನೆಯನ್ನು ಎದುರಿನವರಿಂದ ಮರೆಮಾಡುತ್ತದೆ. ದಿನದ ಬಹುಪಾಲನ್ನು ಹೀಗೆ ಕುಳಿತೇ ಕಳೆಯುವವರು ಎಷ್ಟೊಂದು ಜನ ಎಂದು ಯೋಚಿಸಿದರೆ, ಸೊಂಟವೇ ಸರ್ವಶ್ರೇಷ್ಠ ಎಂದು ಹೇಳುವ ತರಬೇತುದಾರರು ಮೈದಾನದಲ್ಲಿ ನಿಂತು ಯೋಚಿಸುತ್ತಿದ್ದಾರೆಯೇ ಹೊರತು ಆಸನದಲ್ಲಿ ಕುಳಿತು ಯೋಚಿಸುತ್ತಿಲ್ಲ ಎಂಬುದು ಹೊಳೆಯುತ್ತದೆ.

ಎರಡನೆಯ ಗುಣ ಮರೆ. ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಳ್ಳಲೇಬೇಕಾದ ಉದ್ಯೋಗಗಳಲ್ಲಿ ಸೊಂಟದ ಪಿಸ್ತೂಲು ಕೋಟು ತೆಗೆದ ಕ್ಷಣವೇ ಬಯಲಾಗುತ್ತದೆ. ಎತ್ತರದ ಕಪಾಟಿಗೆ ಕೈ ಚಾಚಿದಾಗ, ಬಿದ್ದ ಪೆನ್ನನ್ನು ಬಗ್ಗಿ ಎತ್ತಿದಾಗ, ಪರಿಚಿತರು ಅಪ್ಪಿಕೊಂಡಾಗ ಸೊಂಟದಲ್ಲಿರುವ ಗಟ್ಟಿ ವಸ್ತು ಗುಟ್ಟನ್ನು ಬಿಟ್ಟುಕೊಡುತ್ತದೆ. ಜನರ ಕಣ್ಣು ಸಾಮಾನ್ಯವಾಗಿ ಮುಖ, ಕೈ, ಸೊಂಟಗಳ ಮೇಲೆ ಹರಿದಾಡುತ್ತದೆಯೇ ಹೊರತು ಪ್ಯಾಂಟಿನ ಅಂಚಿಗೆ ಇಳಿಯುವುದು ಅಪರೂಪ. ಚಳಿಗಾಲದಲ್ಲಿ ಉದ್ದನೆಯ ದಪ್ಪ ಕೋಟು ಹಾಕಿ ಗುಂಡಿ ಬಿಗಿದಾಗ ಸೊಂಟ ಎರಡು ಮೂರು ಪದರಗಳ ಕೆಳಗೆ ಹೂತುಹೋಗುತ್ತದೆ, ಕಣಕಾಲು ಆಗಲೂ ಒಂದೇ ಪದರದ ಕೆಳಗಿರುತ್ತದೆ. ಇನ್ನೊಂದು ವಿಷಯವನ್ನು ಯಾರೂ ಬರೆಯುವುದಿಲ್ಲ, ಆದರೆ ಸೊಂಟಕ್ಕೆ ಪಿಸ್ತೂಲು ಕಟ್ಟುವ ಪ್ರತಿಯೊಬ್ಬರಿಗೂ ಅದು ಗೊತ್ತು: ಶೌಚಾಲಯ. ಬೆಲ್ಟ್ ಬಿಚ್ಚಿದೊಡನೆ ಸೊಂಟದ ಹೋಲ್‌ಸ್ಟರ್ ಆಧಾರ ಕಳೆದುಕೊಳ್ಳುತ್ತದೆ. ಸಾರ್ವಜನಿಕ ಶೌಚಾಲಯದಲ್ಲಿ ತೆಗೆದಿಟ್ಟ ಪಿಸ್ತೂಲನ್ನು ಅಲ್ಲಿಯೇ ಮರೆತುಬಂದವರ ಸುದ್ದಿಗಳು, ಅವರಲ್ಲಿ ಪೊಲೀಸರೂ ಇರುವ ಸುದ್ದಿಗಳು, ಆಗಾಗ ಬರುತ್ತಲೇ ಇರುತ್ತವೆ. ಕಣಕಾಲಿನಲ್ಲಿ ಇದ್ದರೆ ಅದನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಕ್ಷುಲ್ಲಕ ಎನ್ನಿಸಬಹುದಾದ ಈ ಅನುಕೂಲವನ್ನು ನಾನು ಬಹಳ ಮೇಲಿನ ಸ್ಥಾನದಲ್ಲಿ ಇಡುತ್ತೇನೆ, ಏಕೆಂದರೆ ಅಜಾಗರೂಕತೆಯ ಅವಘಡಗಳು ಪಿಸ್ತೂಲನ್ನು ತೆಗೆದು ಇಡುವಾಗ, ಮತ್ತೆ ಸೇರಿಸುವಾಗ ಆಗುವುದೇ ಹೆಚ್ಚು.

ಇನ್ನು ಬೆಲೆ ತೆರುವ ಭಾಗ. ನಿಂತಿರುವ ಮನುಷ್ಯನ ಕೈಗಳಿಗೆ ಕಣಕಾಲು ದೇಹದಲ್ಲಿಯೇ ಅತಿ ದೂರದ ಜಾಗಗಳಲ್ಲಿ ಒಂದು. ಅಲ್ಲಿಂದ ಪಿಸ್ತೂಲು ತೆಗೆಯಲು ಕಲಿಸುವ ಸಾಮಾನ್ಯ ಕ್ರಮ ಹೀಗಿದೆ: ಎಡಗಾಲನ್ನು ಉದ್ದವಾಗಿ ಮುಂದಕ್ಕೆ ಇಟ್ಟು, ಬಲಮೊಣಕಾಲನ್ನು ನೆಲಕ್ಕೆ ಊರುತ್ತಾ, ಎರಡೂ ಕೈಗಳಿಂದ ಎಡಗಾಲಿನ ಪ್ಯಾಂಟನ್ನು ಮೊಣಕಾಲಿನ ಬಳಿ ಹಿಡಿದು ಜೋರಾಗಿ ಮೇಲಕ್ಕೆ ಎಳೆದು, ಎಡಗೈ ಬಟ್ಟೆಯನ್ನು ಮೇಲೆಯೇ ಹಿಡಿದಿರುವಾಗ ಬಲಗೈಯಿಂದ ಗುಂಡಿಪಟ್ಟಿ ಬಿಚ್ಚಿ ಹಿಡಿಯನ್ನು ಎಳೆಯಬೇಕು. ಓದಲು ಒಂದೇ ವಾಕ್ಯವಾದ ಇದು ದೇಹಕ್ಕೆ ಐದಾರು ಬೇರೆ ಬೇರೆ ಕೆಲಸ. ಪ್ರತಿಯೊಂದೂ ತಪ್ಪಬಹುದು: ಬಟ್ಟೆ ಕೈಯಿಂದ ಜಾರಬಹುದು, ಒದ್ದೆಯಾದ ಜೀನ್ಸ್ ಮೀನಖಂಡಕ್ಕೆ ಅಂಟಿಕೊಂಡು ಮೇಲೇರದೆ ಇರಬಹುದು, ಗುಂಡಿಪಟ್ಟಿ ಬಟ್ಟೆಯ ಮಡಿಕೆಯಲ್ಲಿ ಸಿಕ್ಕಬಹುದು. ಮಂಡಿಯೂರದೆ ಒಂಟಿಕಾಲಿನಲ್ಲಿ ನಿಂತು ಇನ್ನೊಂದು ಕಾಲನ್ನು ಎತ್ತಿ ತೆಗೆಯುವ ಕ್ರಮವೂ ಇದೆ. ಸಮತಟ್ಟಾದ ನೆಲದಲ್ಲಿ, ಮನಸ್ಸು ಶಾಂತವಾಗಿರುವಾಗ ಅದು ಚೆನ್ನಾಗಿ ಬರುತ್ತದೆ. ಯಾರೋ ಮೈಮೇಲೆ ಬೀಳುತ್ತಿರುವಾಗ ಒಂಟಿಕಾಲಿನಲ್ಲಿ ನಿಲ್ಲುವುದು ಎಂತಹ ಉಪಾಯ ಎಂದು ನನಗಂತೂ ತಿಳಿದಿಲ್ಲ.

ಇದಕ್ಕೆ ಒಂದು ಅಳತೆಗೋಲು ಇದೆ. ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿಯಾಗಿದ್ದ ಡೆನ್ನಿಸ್ ಟ್ಯುಲರ್ 1983ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಚಾಕು ಹಿಡಿದ ಆರೋಗ್ಯವಂತ ವ್ಯಕ್ತಿಯೊಬ್ಬ 21 ಅಡಿ, ಅಂದರೆ ಸುಮಾರು 6.4 ಮೀಟರ್ ದೂರವನ್ನು ಸುಮಾರು 1.5 ಸೆಕೆಂಡಿನಲ್ಲಿ ಕ್ರಮಿಸುತ್ತಾನೆ ಎಂದು ತೋರಿಸಿದರು. ಸೊಂಟದ ಹೋಲ್‌ಸ್ಟರಿನಿಂದ ಪಿಸ್ತೂಲು ತೆಗೆದು ಗುರಿಗೆ ಹೊಡೆಯಲು ಪಳಗಿದವರಿಗೆ ಬೇಕಾಗುವ ಸಮಯವೂ ಹೆಚ್ಚುಕಡಿಮೆ ಅಷ್ಟೇ. ಈ ಲೆಕ್ಕವನ್ನು ಕಾನೂನಿನ ಗೆರೆಯಂತೆ ಬಳಸುವುದು ತಪ್ಪು, ಹಾಗೆ ಬಳಸಿದವರು ಅನೇಕರಿದ್ದಾರೆ. ಆದರೆ ತೆರೆದ ಸೊಂಟದ ಹೋಲ್‌ಸ್ಟರಿಗೇ ಕಷ್ಟದಲ್ಲಿ ಸಾಲುವ ಸಮಯ ಮಂಡಿಯೂರಿ, ಪ್ಯಾಂಟ್ ಎತ್ತಿ, ಪಟ್ಟಿ ಬಿಚ್ಚುವ ಕ್ರಮಕ್ಕೆ ಸಾಲುವುದು ಹೇಗೆ ಎಂಬ ಪ್ರಶ್ನೆಗೆ ಅದು ಸಾಕಷ್ಟು ಉತ್ತರ ಕೊಡುತ್ತದೆ. ನಾನು ಮನೆಯಲ್ಲಿ ಖಾಲಿ ಪಿಸ್ತೂಲಿನೊಂದಿಗೆ ಅಭ್ಯಾಸ ಮಾಡುವಾಗ ಗಮನಿಸಿದ್ದು ಏನೆಂದರೆ, ನಿಂತು ತೆಗೆಯುವ ವೇಗ ಅಭ್ಯಾಸದಿಂದ ಸುಧಾರಿಸುತ್ತದೆಯಾದರೂ ಸೊಂಟದಿಂದ ತೆಗೆಯುವ ವೇಗದ ಹತ್ತಿರಕ್ಕೂ ಬರುವುದಿಲ್ಲ. ಕುಳಿತು ತೆಗೆಯುವುದಾದರೆ ಅಂತರ ಬಹಳ ಕಿರಿದಾಗುತ್ತದೆ.

ವೇಗಕ್ಕಿಂತಲೂ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಇನ್ನೆರಡು ವಿಷಯಗಳು. ಮೊದಲನೆಯದು, ಈ ಕ್ರಮಕ್ಕೆ ಎರಡೂ ಕೈ ಬೇಕು. ಒಂದು ಕೈಯಲ್ಲಿ ಮಗು ಇದ್ದರೆ, ಒಂದು ಕೈಗೆ ಪೆಟ್ಟಾಗಿದ್ದರೆ, ಒಂದು ಕೈಯಿಂದ ಎದುರಾಳಿಯನ್ನು ತಡೆಯುತ್ತಿದ್ದರೆ ಉಳಿದ ಒಂದೇ ಕೈಯಿಂದ ಬಟ್ಟೆಯನ್ನು ಎತ್ತಿ ಪಿಸ್ತೂಲನ್ನೂ ಹಿಡಿಯುವುದು ಬಹಳ ಕಷ್ಟ. ಎರಡನೆಯದು, ಆ ಹೊತ್ತಿನಲ್ಲಿ ಕಾಲುಗಳು ಕಟ್ಟಿಹಾಕಿದಂತೆ ನಿಂತುಬಿಡುತ್ತವೆ. ಅಪಾಯದಿಂದ ದೂರ ಸರಿಯುವುದು, ಓಡುವುದು, ಗೋಡೆಯ ಮರೆಗೆ ಹೋಗುವುದು, ಇವು ಪಿಸ್ತೂಲಿಗಿಂತ ಹೆಚ್ಚು ಜೀವ ಉಳಿಸುವ ಕ್ರಿಯೆಗಳು. ಸೊಂಟದ ಪಿಸ್ತೂಲನ್ನು ಪಕ್ಕಕ್ಕೆ ಸರಿಯುತ್ತಲೇ ತೆಗೆಯಬಹುದು. ಕಣಕಾಲಿನದನ್ನು ತೆಗೆಯಬೇಕಾದರೆ ನಿಲ್ಲಲೇಬೇಕು, ತಲೆ ತಗ್ಗಿಸಲೇಬೇಕು, ಎದುರಿನವನ ಮೇಲಿನ ಕಣ್ಣನ್ನು ಒಂದು ಕ್ಷಣ ಕೀಳಲೇಬೇಕು. ಮೊದಲು ಒಂದು ಮರೆಗೆ ಸೇರಿಕೊಂಡು ಆಮೇಲೆ ಬಗ್ಗಬೇಕೆಂದು ಬಲ್ಲವರು ಹೇಳುವುದು ಇದಕ್ಕಾಗಿಯೇ; ಆ ಮಾತಿನ ಹಿಂದಿರುವ ಷರತ್ತು ಎಂದರೆ ಮರೆ ಹತ್ತಿರದಲ್ಲಿ ಇರಬೇಕು, ಅಲ್ಲಿಗೆ ಹೋಗುವಷ್ಟು ಪುರುಸೊತ್ತೂ ಇರಬೇಕು.

ನೆಲಕ್ಕೆ ಬಿದ್ದಾಗ ಏನಾಗುತ್ತದೆ ಎಂಬುದರಲ್ಲಿ ಎರಡು ಮುಖಗಳಿವೆ. ಅಂಗಾತ ಬಿದ್ದವನು ಮೊಣಕಾಲನ್ನು ಎದೆಯ ಕಡೆಗೆ ಎಳೆದುಕೊಂಡರೆ ಕಣಕಾಲು ಕೈಯ ಹತ್ತಿರಕ್ಕೆ ಬರುತ್ತದೆ, ಬೆನ್ನಿನ ಕಡೆ ಇಟ್ಟ ಪಿಸ್ತೂಲಾದರೆ ಮೈಭಾರದ ಕೆಳಗೆ ಸಿಕ್ಕಿಬಿದ್ದಿರುತ್ತದೆ. ಇಲ್ಲಿ ಕಣಕಾಲೇ ಮೇಲು. ಆದರೆ ಎದುರಾಳಿ ಆಗಲೇ ಎದೆಯ ಮೇಲೆ ಕುಳಿತಿದ್ದರೆ ಆ ಕಾಲು ಅವನ ಬೆನ್ನಿನ ಆಚೆಗೆ ಇರುತ್ತದೆ, ಕೈ ಅಲ್ಲಿಗೆ ಹೋಗುವ ಮಾತೇ ಇಲ್ಲ. ಅಂಗಾತ ಮಲಗಿ ತೆಗೆಯುವಾಗ ನಳಿಗೆಯ ಬಾಯಿ ತನ್ನದೇ ಇನ್ನೊಂದು ಕಾಲಿನ ಮೇಲೆ ಹಾದುಹೋಗುವ ಅಪಾಯವೂ ಉಂಟು. ಬೆರಳು ಕುದುರೆಯ (ಟ್ರಿಗರಿನ) ಮೇಲೆ ಬೇಗ ಹೋದರೆ ಗುಂಡು ತಗಲುವುದು ಸ್ವಂತ ಮೊಣಕಾಲಿಗೆ. ಹೊಟ್ಟೆಯ ಮುಂಭಾಗದಲ್ಲಿ ಪಿಸ್ತೂಲು ಇಟ್ಟುಕೊಳ್ಳುವವರು ತೊಡೆಯ ಮುಖ್ಯ ರಕ್ತನಾಳದ ಕಡೆಗೇ ನಳಿಗೆ ತಿರುಗಿಸಿಕೊಂಡು ದಿನವಿಡೀ ಇರುತ್ತಾರೆ, ಅದಕ್ಕೆ ಹೋಲಿಸಿದರೆ ಸುಮ್ಮನಿರುವ ಹೊತ್ತಿನಲ್ಲಿ ಕಣಕಾಲಿನ ಪಿಸ್ತೂಲು ನೆಲವನ್ನು ನೋಡುತ್ತಿರುತ್ತದೆ ಎಂಬುದು ನಿಜ. ಹೊರಗೆ ತೆಗೆಯುವಾಗ ಮಾತ್ರ ಆ ಸಮಾಧಾನ ಉಳಿಯುವುದಿಲ್ಲ.

ಭಾರದ ವಿಷಯಕ್ಕೆ ಬರೋಣ. ಕಾಲಿಗೆ ಕಟ್ಟಿದ ತೂಕ ಸೊಂಟಕ್ಕೆ ಕಟ್ಟಿದ ತೂಕದಂತಲ್ಲ, ಏಕೆಂದರೆ ಪ್ರತಿ ಹೆಜ್ಜೆಗೂ ಅದನ್ನು ಎತ್ತಬೇಕು, ಮುಂದಕ್ಕೆ ಬೀಸಬೇಕು, ಮತ್ತೆ ನಿಲ್ಲಿಸಬೇಕು. ಸೋಲ್ ಮತ್ತು ಗೋಲ್ಡ್‌ಮನ್ ಎಂಬ ಇಬ್ಬರು ಸಂಶೋಧಕರು 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾದಗಳ ಮೇಲೆ ಹೊತ್ತ ಭಾರಕ್ಕೆ ತಗಲುವ ದೇಹಶಕ್ತಿ ಅಷ್ಟೇ ಭಾರವನ್ನು ಮುಂಡದ ಮೇಲೆ ಹೊತ್ತಾಗ ತಗಲುವುದಕ್ಕಿಂತ ನಾಲ್ಕರಿಂದ ಆರು ಪಟ್ಟಿನಷ್ಟು ಹೆಚ್ಚು ಎಂದು ಕಂಡುಕೊಂಡಿದ್ದರು. ಅವರು ಅಳೆದದ್ದು ಪಿಸ್ತೂಲಿಗಿಂತ ಎಷ್ಟೋ ಪಟ್ಟು ದೊಡ್ಡ ಭಾರವನ್ನು, ಆದರೂ ತತ್ವ ಅದೇ. ಸ್ಮಿತ್ ಆ್ಯಂಡ್ ವೆಸ್ಸನ್ ಕಂಪನಿಯ 642 ಮಾದರಿಯ ಐದು ಗುಂಡಿನ ಹಗುರ ರಿವಾಲ್ವರ್ (ಗುಂಡುಗಳು ತಿರುಗುವ ಚಕ್ರದಲ್ಲಿರುವ ಪಿಸ್ತೂಲು) ಖಾಲಿಯಿದ್ದಾಗ ಸುಮಾರು 400 ಗ್ರಾಂ ತೂಗುತ್ತದೆ. 2008ರಲ್ಲಿ ಬಂದ ರೂಗರ್ ಎಲ್‌ಸಿಪಿ ಎಂಬ ಪುಟ್ಟ ಪಿಸ್ತೂಲು 300 ಗ್ರಾಂಗಿಂತಲೂ ಕಡಿಮೆ. ಗ್ಲಾಕ್ 26 ಎಂಬ ಪಿಸ್ತೂಲು ಗುಂಡು ತುಂಬಿದಾಗ 700 ಗ್ರಾಂ ದಾಟುತ್ತದೆ. ಕಾಗದದ ಮೇಲೆ ಈ ಅಂತರ ದೊಡ್ಡದಾಗಿ ಕಾಣುವುದಿಲ್ಲ, ಸೊಂಟದ ಮೇಲೆಯೂ ಅಷ್ಟು ಗೊತ್ತಾಗುವುದಿಲ್ಲ. ಕಣಕಾಲಿನ ಮೇಲೆ ಮಾತ್ರ ಸಂಜೆಯ ಹೊತ್ತಿಗೆ ಪ್ರತಿಯೊಂದು ಗ್ರಾಂ ತನ್ನ ಹೆಸರು ಹೇಳುತ್ತದೆ. ಭಾರ ಒಂದೇ ಕಾಲಿಗೆ ಇರುವುದರಿಂದ ನಡಿಗೆ ಮೊದಮೊದಲು ಒಂದು ಪಾದರಕ್ಷೆ ಮಾತ್ರ ಒದ್ದೆಯಾದವನ ನಡಿಗೆಯಂತೆ ಇರುತ್ತದೆ; ಬಿಡದೆ ಕಟ್ಟಿಕೊಂಡರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ಆಗೊಮ್ಮೆ ಈಗೊಮ್ಮೆ ಕಟ್ಟಿಕೊಳ್ಳುವವರಿಗೆ ಆ ಒಗ್ಗಿಕೆ ಎಂದೂ ಬರುವುದಿಲ್ಲ. 500 ಗ್ರಾಂ ದಾಟಿದ ಯಾವುದನ್ನೂ ನಾನು ಕಾಲಿಗೆ ಕಟ್ಟುವುದಿಲ್ಲ.

ಬಿಗಿಯಾಗಿ ಕಟ್ಟಿದರೆ ಕಾಲು ನೋಯುತ್ತದೆ, ಸಡಿಲವಾಗಿ ಕಟ್ಟಿದರೆ ಹೋಲ್‌ಸ್ಟರ್ ಸುತ್ತ ತಿರುಗುತ್ತದೆ. ನಡುವಿನ ಹದ ಪ್ರತಿಯೊಬ್ಬರಿಗೂ ಬೇರೆ, ಅದೂ ದಿನದುದ್ದಕ್ಕೂ ಒಂದೇ ಆಗಿರುವುದಿಲ್ಲ, ಏಕೆಂದರೆ ಸಂಜೆಯಾಗುತ್ತಾ ಕಾಲು ಸ್ವಲ್ಪ ಊದುತ್ತದೆ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು, ಕಾಲಿನ ರಕ್ತನಾಳಗಳು ಉಬ್ಬಿಕೊಂಡಿರುವವರು, ನೀರು ತುಂಬಿ ಕಾಲು ಬಾಯುವವರು ಇದರಿಂದ ದೂರವಿರುವುದೇ ಒಳ್ಳೆಯದು. ಪಟ್ಟಿ ಉಜ್ಜಿ ಆದ ಗಾಯ ಅವರಿಗೆ ಗೊತ್ತೇ ಆಗದೆ ಹೋಗಬಹುದು. ಮೀನಖಂಡದ ಮೇಲಿನ ಪಟ್ಟಿಯ ವಿಷಯದಲ್ಲಿಯೂ ಎಚ್ಚರ ಬೇಕು. ಮೊಣಕಾಲಿನ ಸ್ವಲ್ಪ ಕೆಳಗೆ, ಹೊರಬದಿಯ ಎಲುಬಿನ ಕತ್ತಿನ ಬಳಿ, ಪಾದವನ್ನು ಮೇಲೆತ್ತುವ ಸ್ನಾಯುಗಳಿಗೆ ಹೋಗುವ ನರ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಾದುಹೋಗುತ್ತದೆ. ಅಲ್ಲಿ ಒತ್ತಡ ಬಿದ್ದರೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ. ಪಟ್ಟಿಯ ಕೆಳಗೆ ಉದ್ದನೆಯ ಕಾಲ್ಚೀಲ ಇರುವುದು ಚರ್ಮಕ್ಕೂ ಒಳ್ಳೆಯದು, ಬೆವರನ್ನೂ ಹೀರುತ್ತದೆ.

ನೆಲದಿಂದ ಒಂದು ಗೇಣು ಎತ್ತರದಲ್ಲಿ ಬದುಕುವ ಯಂತ್ರ ಧೂಳನ್ನು ಕುಡಿಯದೆ ಇರಲಾರದು. ರಸ್ತೆಯ ಮರಳು, ಕಾಲ್ಚೀಲದ ನೂಲಿನ ನಾರು, ಒದ್ದೆ ಹುಲ್ಲಿನ ನೀರು, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು, ಇವೆಲ್ಲ ಪಿಸ್ತೂಲಿನ ಸಂದುಗಳಿಗೆ ಸೇರುತ್ತವೆ. ಎಣ್ಣೆ ಹೆಚ್ಚಾಗಿ ಹಚ್ಚಿದರೆ ಧೂಳು ಅಂಟಿಕೊಂಡು ಕೆಸರಾಗುತ್ತದೆ, ಹಚ್ಚದೆ ಬಿಟ್ಟರೆ ತುಕ್ಕು. ಕಣಕಾಲಿಗೆ ಸ್ವಯಂಚಾಲಿತ ಪಿಸ್ತೂಲನ್ನು ಬಿಟ್ಟು ಚಿಕ್ಕ ರಿವಾಲ್ವರನ್ನು ಹಳಬರು ಇಷ್ಟಪಡುತ್ತಿದ್ದುದಕ್ಕೆ ಕಾರಣಗಳಲ್ಲಿ ಇದೂ ಒಂದು. ಸ್ವಯಂಚಾಲಿತ ಪಿಸ್ತೂಲಿನಲ್ಲಿ ಸ್ಲೈಡ್ ಎಂಬ ಮೇಲಿನ ಜಾರುವ ಭಾಗ ಪ್ರತಿ ಗುಂಡಿಗೂ ಹಿಂದೆ ಮುಂದೆ ಸಲೀಸಾಗಿ ಓಡಬೇಕು, ಗುಂಡುಗಳನ್ನು ಜೋಡಿಸಿಟ್ಟ ಮ್ಯಾಗಜಿನ್‌ನ ಸ್ಪ್ರಿಂಗ್ ಗುಂಡನ್ನು ಸಕಾಲಕ್ಕೆ ಮೇಲೆತ್ತಬೇಕು. ಕಸ ಸೇರಿದರೆ ಈ ಸರಪಳಿ ಎಲ್ಲಿಯಾದರೂ ತುಂಡಾಗಬಹುದು. ರಿವಾಲ್ವರಿನಲ್ಲಿ ಮುಂದಿನ ಗುಂಡನ್ನು ತರುವುದು ಬೆರಳಿನ ಬಲ, ಒಂದು ಗುಂಡು ಸಿಡಿಯದಿದ್ದರೆ ಮತ್ತೊಮ್ಮೆ ಕುದುರೆ ಎಳೆದರೆ ಸಾಕು. ಗುಂಡು ಸಿಡಿಸುವ ಹ್ಯಾಮರನ್ನು ಒಳಗೇ ಮುಚ್ಚಿರುವ 442, 642ರಂತಹ ಮಾದರಿಗಳು ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ, ಕಸಕ್ಕೆ ಬಾಗಿಲನ್ನೂ ತೆರೆಯುವುದಿಲ್ಲ. ತುಕ್ಕಿನ ಮಟ್ಟಿಗೆ 1965ರಲ್ಲಿ ಬಂದ ಇದೇ ಕಂಪನಿಯ 60ನೇ ಮಾದರಿ, ಮೊದಲ ಸ್ಟೇನ್‌ಲೆಸ್ ಸ್ಟೀಲ್ ರಿವಾಲ್ವರ್, ಒಂದು ದೊಡ್ಡ ಹೆಜ್ಜೆ. ಹಾಗೆಂದು ರಿವಾಲ್ವರಿಗೆ ಕಸ ಏನೂ ಮಾಡುವುದಿಲ್ಲ ಎಂದುಕೊಳ್ಳಬಾರದು, ಚಕ್ರದ ಹಿಂಬದಿಯ ನಕ್ಷತ್ರಾಕಾರದ ಭಾಗದ ಕೆಳಗೆ ಒಂದು ಹರಳು ಸೇರಿದರೂ ಚಕ್ರ ಬಿಗಿಯುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಒರೆಸುವ ಶಿಸ್ತು ಇಲ್ಲದವರು ಕಣಕಾಲನ್ನು ಆರಿಸಿಕೊಳ್ಳಬಾರದು.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಳಗೆ ಅಗಲವಾಗಿರುವ, ನಿಂತಾಗ ಬೂಟಿನ ಮೇಲೆ ಬೀಳುವಷ್ಟು ಉದ್ದದ ಪ್ಯಾಂಟ್ ಬೇಕು. ಕಾಲಿಗೆ ಅಂಟುವ ಪ್ಯಾಂಟ್, ಚಡ್ಡಿ, ಸ್ಕರ್ಟ್ ಯಾವುದಕ್ಕೂ ಇದು ಹೊಂದುವುದಿಲ್ಲ. ಕಾಲ ಮೇಲೆ ಕಾಲು ಹಾಕಿ ಕುಳಿತುಕೊಳ್ಳುವ ಅಭ್ಯಾಸ ಇರುವವರು ಅದನ್ನು ಬಿಡಬೇಕು, ಏಕೆಂದರೆ ಕುಳಿತಾಗ ಅಂಚು ತಾನಾಗಿಯೇ ಮೇಲೇರುತ್ತದೆ ಮತ್ತು ನಿಂತಾಗ ಪರಿಪೂರ್ಣವಾಗಿದ್ದ ಮರೆ ಅಲ್ಲಿ ಮುಗಿಯುತ್ತದೆ. ಕುಳಿತವರಿಗೆ ಇದು ಅನುಕೂಲ ಎಂದು ಮೇಲೆ ಹೇಳಿದ ನಾನೇ, ಬಯಲಾಗುವುದೂ ಕುಳಿತಾಗಲೇ ಎಂದು ಇಲ್ಲಿ ಹೇಳಬೇಕಾಗಿದೆ.

ಇಷ್ಟೆಲ್ಲ ದೋಷಗಳಿದ್ದರೂ ಪೊಲೀಸರು ದಶಕಗಳ ಕಾಲ ಕಣಕಾಲಿಗೆ ಪಿಸ್ತೂಲು ಕಟ್ಟಿಕೊಂಡು ಬಂದದ್ದು ಏಕೆ ಎಂದು ಕೇಳಿಕೊಂಡರೆ ಉತ್ತರ ಸ್ಪಷ್ಟ. ಅವರಿಗೆ ಅದು ಒಂದೇ ಪಿಸ್ತೂಲಾಗಿರಲಿಲ್ಲ, ಎರಡನೆಯದಾಗಿತ್ತು. ಸೊಂಟದ ರಿವಾಲ್ವರಿನ ಆರು ಗುಂಡುಗಳು ಮುಗಿದಾಗ ಒಂದೊಂದಾಗಿ ಹೊಸ ಗುಂಡು ತುಂಬುವುದಕ್ಕಿಂತ ಇನ್ನೊಂದು ರಿವಾಲ್ವರನ್ನೇ ಎಳೆದು ತೆಗೆಯುವುದು ಬೇಗ ಆಗುತ್ತಿತ್ತು; ಈ ಉಪಾಯಕ್ಕೆ ಅವರ ನಡುವೆ ನ್ಯೂಯಾರ್ಕ್ ರೀಲೋಡ್ ಎಂಬ ಹೆಸರೇ ಬಿದ್ದಿದೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ಬ್ಯಾಂಕ್ ದರೋಡೆಕೋರರಿಗೂ ಎಂಟು ಮಂದಿ ಎಫ್‌ಬಿಐ ಅಧಿಕಾರಿಗಳಿಗೂ ನಡೆದ ಗುಂಡಿನ ಕಾಳಗ ಈ ಮಾತಿಗೆ ಒಂದು ಕಠೋರ ಉದಾಹರಣೆ. ಇಬ್ಬರು ಅಧಿಕಾರಿಗಳು ಅಂದು ಸತ್ತರು, ಐವರು ಗಾಯಗೊಂಡರು. ಕಾರುಗಳು ಡಿಕ್ಕಿಯಾದ ರಭಸಕ್ಕೆ ಇಬ್ಬರು ಅಧಿಕಾರಿಗಳ ಮುಖ್ಯ ರಿವಾಲ್ವರುಗಳು ಗುಂಡು ಹಾರಿಸುವ ಮೊದಲೇ ಕಳೆದುಹೋದವು. ಅವರಲ್ಲಿ ಒಬ್ಬರಾದ ಜಾನ್ ಹ್ಯಾನ್ಲನ್ ತಮ್ಮ ಬಳಿಯಿದ್ದ ಎರಡನೆಯ, ಐದು ಗುಂಡಿನ ಚಿಕ್ಕ ರಿವಾಲ್ವರಿನಿಂದ ಕಾದಾಡಿದರು. ಅದಕ್ಕೆ ಮತ್ತೆ ಗುಂಡು ತುಂಬುತ್ತಿದ್ದಾಗ ಅವರ ಕೈಗೆ ಗುಂಡು ತಗುಲಿತು. ಎರಡನೆಯ ಪಿಸ್ತೂಲಿನ ಬೆಲೆಯೂ ಅದರ ಮಿತಿಯೂ ಈ ಒಂದೇ ಘಟನೆಯಲ್ಲಿವೆ ಎಂದು ನಾನು ಭಾವಿಸುತ್ತೇನೆ. ಇರುವುದು ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು, ಆದರೆ ಐದು ಗುಂಡುಗಳು ಐದೇ.

ಪೊಲೀಸರ ಆ ಅಭ್ಯಾಸವನ್ನು ಸಾಮಾನ್ಯ ನಾಗರಿಕರು ಎರವಲು ಪಡೆಯುವಾಗ ಅರ್ಧವನ್ನು ಮಾತ್ರ ತೆಗೆದುಕೊಂಡರು. ಸೊಂಟದ ಪಿಸ್ತೂಲನ್ನು ಬಿಟ್ಟು ಕಣಕಾಲಿನದನ್ನು ಉಳಿಸಿಕೊಂಡರು. ಸಮವಸ್ತ್ರದಲ್ಲಿರುವವನಿಗೆ ಸಂಗಾತಿಗಳಿರುತ್ತಾರೆ, ರೇಡಿಯೋ ಇರುತ್ತದೆ, ಗುಂಡುನಿರೋಧಕ ಕವಚ ಇರುತ್ತದೆ, ಮೊದಲ ಕ್ಷಣಗಳನ್ನು ನಿಭಾಯಿಸಲು ಸೊಂಟದಲ್ಲಿ ದೊಡ್ಡ ಪಿಸ್ತೂಲು ಇರುತ್ತದೆ; ಕಣಕಾಲಿಗೆ ಕೈ ಹಾಕುವಷ್ಟರಲ್ಲಿ ಅವನು ಸಾಮಾನ್ಯವಾಗಿ ಯಾವುದೋ ಮರೆಯ ಹಿಂದೆ ಇರುತ್ತಾನೆ. ಒಬ್ಬಂಟಿ ನಾಗರಿಕನಿಗೆ ಆ ಮೊದಲ ಕ್ಷಣಗಳೇ ಎಲ್ಲವೂ. ಒಂದೇ ಪಿಸ್ತೂಲು ಇಟ್ಟುಕೊಳ್ಳುವವನು ಅದನ್ನು ಕಣಕಾಲಿಗೆ ಕಟ್ಟಿದರೆ, ದಾಳಿ ತಾನು ಕುಳಿತಿರುವಾಗಲೇ ಆಗುತ್ತದೆ ಅಥವಾ ತನಗೆ ಬಗ್ಗುವಷ್ಟು ಸಮಯ ಕೊಟ್ಟೇ ಆಗುತ್ತದೆ ಎಂದು ಪಂದ್ಯ ಕಟ್ಟಿದಂತೆ. ದಿನಪೂರ್ತಿ ವಾಹನ ಓಡಿಸುವವನ ಮಟ್ಟಿಗೆ ಆ ಪಂದ್ಯ ಅಷ್ಟೇನೂ ಕೆಟ್ಟದ್ದಲ್ಲ. ದಿನಪೂರ್ತಿ ನಿಂತೇ ಇರುವ ಅಂಗಡಿಯವನ ಮಟ್ಟಿಗೆ ಅದು ಸೋಲುವ ಪಂದ್ಯ.

ವಾಹನದಲ್ಲಿ ಇದು ಅನುಕೂಲ ಎಂದ ಮೇಲೆ ವಾಹನದಲ್ಲಿಯೇ ಬರುವ ಒಂದು ತೊಡಕನ್ನು ಹೇಳದಿರಲಾಗದು. ರಸ್ತೆಯಲ್ಲಿ ಪೊಲೀಸರು ತಡೆದಾಗ ಚಾಲಕನ ಕೈ ಆಸನದ ಕೆಳಗೆ ಇಳಿಯುವುದನ್ನು ಕಂಡರೆ ಅವರು ಎಲ್ಲಕ್ಕಿಂತ ಹೆಚ್ಚಾಗಿ ಗಾಬರಿಯಾಗುತ್ತಾರೆ, ಮತ್ತು ಕಣಕಾಲಿನಿಂದ ಪಿಸ್ತೂಲು ತೆಗೆಯುವ ಚಲನೆ ನೋಡಲು ಅದೇ ರೀತಿ ಇರುತ್ತದೆ. ಆದ್ದರಿಂದ ಕೈಗಳು ಸ್ಟೇರಿಂಗ್ ಮೇಲೆ ಕಾಣುವಂತೆ ಇರಬೇಕು, ಒಳಗಿನ ದೀಪ ಹತ್ತಿರಬೇಕು, ಪಿಸ್ತೂಲು ಎಲ್ಲಿದೆ ಎಂದು ಬಾಯಲ್ಲಿ ಹೇಳಬೇಕೇ ಹೊರತು ಬೆರಳು ತೋರಿಸಲೂಬಾರದು, ಅವರು ಹೇಳಿದರೂ ಒಮ್ಮೆ ಮರುಕೇಳದೆ ಅದನ್ನು ಮುಟ್ಟಬಾರದು. ಮಿಷಿಗನ್‌ನಂತಹ ರಾಜ್ಯಗಳಲ್ಲಿ ತಡೆದ ಕೂಡಲೇ ತಾನಾಗಿಯೇ ತಿಳಿಸುವುದು ಕಾನೂನಿನ ಕರ್ತವ್ಯ, ಇನ್ನು ಕೆಲವು ರಾಜ್ಯಗಳಲ್ಲಿ ಕೇಳಿದಾಗ ಮಾತ್ರ. ರಾಜ್ಯದ ಗಡಿ ದಾಟಿದರೆ ಪರವಾನಗಿ ಅಲ್ಲಿ ನಡೆಯುತ್ತದೆಯೇ ಎಂಬುದೂ ಬೇರೆಯೇ ಲೆಕ್ಕ. ಒಕ್ಕೂಟ ಸರ್ಕಾರದ ಕಚೇರಿ, ನ್ಯಾಯಾಲಯದಂತಹ ನಿಷೇಧಿತ ಜಾಗಗಳಿಗೆ ದಿನಕ್ಕೆ ಹಲವು ಬಾರಿ ಹೋಗಿಬರುವವರಿಗೆ ಕಣಕಾಲು ದೊಡ್ಡ ತಲೆನೋವು, ಏಕೆಂದರೆ ಪ್ರತಿ ಸಲವೂ ಕಾರಿನ ಇಕ್ಕಟ್ಟಿನಲ್ಲಿ ಬಗ್ಗಿ ಬಿಚ್ಚಿ, ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು, ಬಂದ ಮೇಲೆ ಮತ್ತೆ ಕಟ್ಟಬೇಕು.

ಒಗ್ಗಿದ ಭಾರವನ್ನು ಮನಸ್ಸು ಮರೆತುಬಿಡುತ್ತದೆ ಎಂಬುದೂ ಈ ನಿಷೇಧಿತ ಜಾಗಗಳಿಗೆ ಸಂಬಂಧಿಸಿದ ಮಾತೇ. 2023ರಲ್ಲಿ ಅಮೆರಿಕದ ವಿಮಾನನಿಲ್ದಾಣಗಳ ತಪಾಸಣೆಯಲ್ಲಿ 6,737 ಬಂದೂಕುಗಳು ಸಿಕ್ಕಿಬಿದ್ದವು, ಅವುಗಳಲ್ಲಿ ಶೇಕಡಾ 93ರಷ್ಟು ಗುಂಡು ತುಂಬಿದವು. ಬಹುಪಾಲು ಕೈಚೀಲಗಳಲ್ಲಿ ಇದ್ದಂಥವು, ಸಿಕ್ಕಿಬಿದ್ದವರ ಸಾಮಾನ್ಯ ಉತ್ತರ ಮರೆತುಹೋಯಿತು ಎಂಬುದು. ಇದನ್ನು ಓದಿ ನಗುವವರಿಗೆ, ಮೈಗೆ ಪೂರ್ತಿ ಒಗ್ಗಿದ ಕಣಕಾಲಿನ ಹೋಲ್‌ಸ್ಟರ್ ಕೈಚೀಲಕ್ಕಿಂತಲೂ ಸುಲಭವಾಗಿ ಮರೆತುಹೋಗಬಲ್ಲದು ಎಂದು ನೆನಪಿಸುತ್ತೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಮರೆವು ಇನ್ನೂ ಅಪಾಯಕಾರಿ. ಸೊಂಟ ದೊಡ್ಡವರ ಎತ್ತರ, ಕಣಕಾಲು ಅಂಬೆಗಾಲಿಡುವ ಮಗುವಿನ ಎತ್ತರ. ಓಡಿಬಂದು ಕಾಲನ್ನು ತಬ್ಬಿಕೊಳ್ಳುವ ಮಗುವಿನ ಕೈ ನೇರವಾಗಿ ಅಲ್ಲಿಗೇ ಹೋಗುತ್ತದೆ. ಮನೆಯ ಬಾಗಿಲು ದಾಟಿದ ಕೂಡಲೇ ಬಿಚ್ಚಿ, ಬೀಗದ ಪೆಟ್ಟಿಗೆಗೆ ಸೇರಿಸುವುದನ್ನು ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ.

ಅಭ್ಯಾಸದ ಅನುಕೂಲವೂ ಕಡಿಮೆ. ಗುಂಡು ಹಾರಿಸಲು ಬಿಡುವ ಅನೇಕ ಸಾರ್ವಜನಿಕ ತಾಣಗಳು ಸೊಂಟದ ಹೋಲ್‌ಸ್ಟರಿನಿಂದ ತೆಗೆಯುವುದಕ್ಕೇ ಅನುಮತಿ ಕೊಡುವುದಿಲ್ಲ, ಸಾಲಿನಲ್ಲಿ ನಿಂತವರ ನಡುವೆ ಮಂಡಿಯೂರಿ ಕಣಕಾಲಿನಿಂದ ತೆಗೆಯುವುದನ್ನು ಇನ್ನೆಲ್ಲಿ ಬಿಟ್ಟಾರು? ಹಾಗಾಗಿ ಕಲಿಕೆಯ ಹೆಚ್ಚಿನ ಪಾಲು ಮನೆಯಲ್ಲಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಪಿಸ್ತೂಲು ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಎರಡೆರಡು ಬಾರಿ ಖಚಿತಪಡಿಸಿಕೊಂಡು ಆಗಬೇಕು. ಕುರ್ಚಿಯಲ್ಲಿ ಕುಳಿತು, ನಿಲ್ಲಿಸಿದ ಕಾರಿನಲ್ಲಿ ಬೆಲ್ಟ್ ಹಾಕಿಕೊಂಡು, ಅಂಗಾತ ಮಲಗಿ, ದಿನವೂ ಹಾಕುವ ಬಟ್ಟೆ ಬೂಟುಗಳಲ್ಲಿಯೇ ಮಾಡಿ ನೋಡಬೇಕು. ಮೊಣಕಾಲು ನೋವಿರುವವರು ಮಂಡಿಯೂರುವ ಕ್ರಮವನ್ನು ಪ್ರಯತ್ನಿಸಿದ ಮೊದಲ ಸಂಜೆಯೇ ತಮಗೆ ಬೇಕಾದ ಉತ್ತರ ಪಡೆಯುತ್ತಾರೆ. ಪಿಸ್ತೂಲನ್ನು ಮತ್ತೆ ಒಳಗೆ ಸೇರಿಸುವಾಗ ಪ್ಯಾಂಟಿನ ಅಂಚು ಹೋಲ್‌ಸ್ಟರಿನ ಬಾಯಿಗೆ ಬಂದು, ಬಟ್ಟೆಯ ಮಡಿಕೆ ಕುದುರೆಯನ್ನು ಒತ್ತುವ ಸಾಧ್ಯತೆ ಇದೆ. ಅದಕ್ಕಾಗಿ ನಾನು ನಿಂತು ಬಗ್ಗಿ ಸೇರಿಸುವುದಿಲ್ಲ, ಕುಳಿತು, ಅಂಚನ್ನು ಮೊಣಕಾಲಿನವರೆಗೆ ಮಡಿಸಿ, ಹೋಲ್‌ಸ್ಟರಿನ ಬಾಯಿಯನ್ನು ನೋಡಿಕೊಂಡೇ ನಿಧಾನವಾಗಿ ಇಳಿಸುತ್ತೇನೆ.

ನನ್ನ ಮಟ್ಟಿಗೆ ಈಗಿನ ವ್ಯವಸ್ಥೆ ಇಷ್ಟು. ನಡೆದಾಡುವ ದಿನ ಸೊಂಟದಲ್ಲಿ ಒಂದು, ಕಾಲಿಗೆ ಏನೂ ಇಲ್ಲ. ದೂರದ ಪ್ರಯಾಣಕ್ಕೆ ಕಾರು ಓಡಿಸುವ ದಿನ ಸೊಂಟದ್ದರ ಜೊತೆಗೆ ಎಡ ಕಣಕಾಲಿಗೆ ಹಗುರವಾದ ರಿವಾಲ್ವರ್. ಅಂಗಿ ಸಿಕ್ಕಿಸಿಕೊಳ್ಳಲೇಬೇಕಾದ, ಇಡೀ ದಿನ ಮೇಜಿನ ಹಿಂದೆಯೇ ಕಳೆಯುವ ದಿನಗಳಲ್ಲಿ ಕಣಕಾಲಿನದು ಒಂದೇ ಇರುತ್ತದೆ, ಮತ್ತು ಆ ದಿನಗಳಲ್ಲಿ ಕಚೇರಿಯಿಂದ ಕಾರು ನಿಲ್ಲಿಸಿದ ಜಾಗದವರೆಗಿನ ನಡಿಗೆಯಲ್ಲಿ ನಾನು ಪಿಸ್ತೂಲು ಇಲ್ಲದವನಂತೆಯೇ ಯೋಚಿಸುತ್ತೇನೆ: ಬೆಳಕಿರುವ ದಾರಿ, ಕೈಯಲ್ಲಿ ಕೀಲಿ, ಕಿವಿ ಮುಚ್ಚದ ಫೋನು, ಓಡಲು ಬರುವ ಬೂಟು.